ಇಫ್, ಮಚ್, ಮೆನಿ ಮತ್ತು ಅಡುಗೆಮನೆ: ಇಂಗ್ಲಿಷ್ ಬಾಯಿಗೆ ಬರಲು ನೀವು ಏನು ಮಾಡಿದಿರಿ?

ಕೇಳಿದ್ದು

ಬಿಟ್ಟ ಸ್ಥಳ ತುಂಬಿ ಅಂದರೆ ಸರಿಯಾಗಿ ತುಂಬುತ್ತೇನೆ. ಮಾತಿಗೆ ಇಳಿದಾಗ 'ಇಫ್' ಬಂದ ಕೂಡಲೇ ನಾಲಿಗೆ ತಡವರಿಸುತ್ತದೆ. 'ವಿಲ್' ಹಾಕಲಾ, 'ವುಡ್' ಹಾಕಲಾ ಅಂತ ಯೋಚಿಸುವಷ್ಟರಲ್ಲಿ ಎದುರಿಗಿರುವವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. 'ಮಚ್', 'ಮೆನಿ', 'ಫ್ಯೂ', 'ಲಿಟಲ್' ಕಥೆಯೂ ಅಷ್ಟೇ. ತಿನ್ನುವ ಪದಾರ್ಥಗಳ ಹೆಸರು ಓದಿದರೆ ಗೊತ್ತಾಗುತ್ತದೆ, ಹೇಳಬೇಕಾದಾಗ ನೆನಪಿಗೆ ಬರುವುದಿಲ್ಲ. ಜೊತೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಈ ಮೂರನ್ನೂ ಹೇಗೆ ಅಭ್ಯಾಸ ಮಾಡಿದಿರಿ? ನಿಮಗೆ ನಿಜವಾಗಿ ಕೆಲಸಕ್ಕೆ ಬಂದದ್ದನ್ನು ಹೇಳಿ.

ಇಂಗ್ಲಿಷ್ ಹೇಳಿಕೊಡುವ ಒಬ್ಬರು

ನಾನು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನಿಮ್ಮ ತೊಂದರೆ ನನ್ನ ಮುಂದೆ ಕೂರುವ ಹೆಚ್ಚಿನವರಿಗೆ ಇದೆ. ನನ್ನ ಸಲಹೆ ಒಂದೇ. ಈ ಮೂರನ್ನು ಬೇರೆ ಬೇರೆ ಪಾಠವಾಗಿ ಇಟ್ಟುಕೊಳ್ಳಬೇಡಿ, ಒಟ್ಟಿಗೆ ಮಾಡಿ. ಅಡುಗೆ ಮಾಡಲು ನಿಂತವರ ತಲೆಯಲ್ಲಿ ಓಡುವುದೇ ಇದು ಅಲ್ವಾ? ಏನಿದೆ, ಎಷ್ಟಿದೆ, ಇದ್ದರೆ ಏನು ಮಾಡಬಹುದು, ಇಲ್ಲದಿದ್ದರೆ ಏನು ಗತಿ. ಹೆಸರು, ಅಳತೆ, 'ಇಫ್' ಮೂರೂ ಅಲ್ಲಿ ತಾನಾಗಿಯೇ ಸೇರಿಕೊಳ್ಳುತ್ತವೆ.

ಫ್ರಿಜ್ ಬಾಗಿಲು ತೆಗೆದು ನಿಲ್ಲಿ. ಮೊದಲ ಸುತ್ತಿನಲ್ಲಿ ಏನಿದೆ, ಎಷ್ಟಿದೆ ಅನ್ನುವುದನ್ನು ಮಾತ್ರ ಜೋರಾಗಿ ಹೇಳಿ. 'ದೇರ್ ಆರ್ ಎ ಫ್ಯೂ ಎಗ್ಸ್.' 'ದೇರ್ ಈಸ್ ಎ ಲಿಟಲ್ ಮಿಲ್ಕ್.' 'ದೇರ್ ಈಸಂಟ್ ಎನಿ ಬಟರ್.' ಎರಡನೇ ಸುತ್ತಿನಲ್ಲಿ ನಿಜವಾಗಿ ಆಗಬಹುದಾದ ಮಾತು. 'ಇಫ್ ಐ ಯೂಸ್ ಆಲ್ ದ ಮಿಲ್ಕ್ ನೌ, ದೇರ್ ವೋಂಟ್ ಬಿ ಎನಿ ಫಾರ್ ಟುಮಾರೋ.' ಮೂರನೇ ಸುತ್ತು ಇಲ್ಲದಿರುವುದರ ಬಗ್ಗೆ. 'ಇಫ್ ವಿ ಹ್ಯಾಡ್ ಸಮ್ ಬಟರ್, ಐ ವುಡ್ ಮೇಕ್ ಪ್ಯಾನ್‌ಕೇಕ್ಸ್.' ಬೆಣ್ಣೆ ಈಗ ಇಲ್ಲ, ಸುಮ್ನೆ ಕಲ್ಪಿಸಿಕೊಳ್ಳುತ್ತಿದ್ದೀರಿ. ಅದಕ್ಕೇ 'ಹ್ಯಾಡ್', ಅದಕ್ಕೇ 'ವುಡ್'. ಕೊನೆಯ ಸುತ್ತು ಕಳೆದುಹೋದದ್ದು. 'ಇಫ್ ಐ ಹ್ಯಾಡ್ ಬಾಟ್ ಸಮ್ ಬಟರ್ ಯೆಸ್ಟರ್‌ಡೇ, ಐ ವುಡ್ ಹ್ಯಾವ್ ಮೇಡ್ ಪ್ಯಾನ್‌ಕೇಕ್ಸ್ ದಿಸ್ ಮಾರ್ನಿಂಗ್.' ಬೆಳಗಿನ ಹೊತ್ತು ಮುಗಿದಿದೆ. ಇನ್ನು ಬೆಣ್ಣೆ ತಂದರೂ ಆ ಬೆಳಗ್ಗೆ ವಾಪಸ್ ಬರುವುದಿಲ್ಲ.

ಕನ್ನಡ ಮಾತಾಡುವವರು ಎಡವುವ ಜಾಗವೂ ಇಲ್ಲೇ ಇದೆ. 'ಬೆಣ್ಣೆ ಇದ್ದಿದ್ದರೆ ಮಾಡುತ್ತಿದ್ದೆ' ಅಂತ ನಾವು ಹೇಳುತ್ತೇವೆ. ಈಗ ಬೆಣ್ಣೆ ಇಲ್ಲ ಅನ್ನುವುದಕ್ಕೂ ಅದೇ ವಾಕ್ಯ, ನಿನ್ನೆ ಇರಲಿಲ್ಲ ಅನ್ನುವುದಕ್ಕೂ ಅದೇ ವಾಕ್ಯ. ಯಾವ ಹೊತ್ತಿನ ಮಾತು ಅಂತ ಕೇಳುವವರಿಗೆ ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ರೂಪ ಬೇಕು. ಹಾಗಾಗಿ ಬಾಯಿ ತೆರೆಯುವ ಮುಂಚೆ ವ್ಯಾಕರಣದ ಹೆಸರು ಹುಡುಕಬೇಡಿ. ಇದು ಇನ್ನೂ ಆಗಬಹುದಾ, ಈಗ ಬರೀ ಕಲ್ಪನೆಯಾ, ಮುಗಿದೇ ಹೋಯಿತಾ ಅಂತ ಕೇಳಿಕೊಳ್ಳಿ. ಆಗಬಹುದು ಅಂದರೆ 'ವಿಲ್'. ಕಲ್ಪನೆ ಅಂದರೆ 'ವುಡ್'. ಮುಗಿದಿದೆ ಅಂದರೆ 'ವುಡ್ ಹ್ಯಾವ್'. ನನ್ನ ಹತ್ತಿರ ಕಲಿಯುವವರು 'ಫಸ್ಟ್ ಕಂಡೀಷನಲ್, ಸೆಕೆಂಡ್ ಕಂಡೀಷನಲ್' ಅಂತ ನಂಬರ್ ಹಿಡಿದು ಯೋಚಿಸಿದಾಗ ನಿಂತುಬಿಡುತ್ತಾರೆ. ಈ ಪ್ರಶ್ನೆಗಳನ್ನು ಹಿಡಿದರೆ ಮಾತು ಮುಂದಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ. ಈ ವಾಕ್ಯಗಳಲ್ಲಿ 'ವಿಲ್', 'ವುಡ್' ಬರುವುದು 'ಇಫ್' ಇಲ್ಲದ ಅರ್ಧದಲ್ಲಿ. 'ಇಫ್ ಇಟ್ ವಿಲ್ ರೇನ್' ಅಲ್ಲ, 'ಇಫ್ ಇಟ್ ರೇನ್ಸ್'. 'ಇಫ್ ಐ ವುಡ್ ಹ್ಯಾವ್ ಮನಿ' ಅಲ್ಲ, 'ಇಫ್ ಐ ಹ್ಯಾಡ್ ಮನಿ'. 'ಇಫ್ ಯು ವುಡ್ ಲೈಕ್' ಅಂತ ಮರ್ಯಾದೆಯಿಂದ ಕೇಳುವುದು ಬೇರೆ. ಅದು ಮನಸ್ಸಿದೆಯಾ ಅಂತ ಕೇಳುವ ಮಾತು, ಅದನ್ನು ಹಾಗೆಯೇ ಬಾಯಿಪಾಠ ಮಾಡಿಬಿಡಿ.

ಎಲ್ಲವನ್ನೂ ಒಂದೇ ಸಲ ಹಿಡಿಯಬೇಕಾಗಿಲ್ಲ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಆರಂಭದ ಎ1ರಿಂದ ಪರಿಣತರ ಸಿ2ವರೆಗೆ ಆರು ಮಟ್ಟಗಳಿವೆ. ಅದನ್ನು ಅನುಸರಿಸುವ ಪಠ್ಯಗಳಲ್ಲಿ 'ಮಚ್', 'ಮೆನಿ' ಸಾಮಾನ್ಯವಾಗಿ ಎ2 ಹೊತ್ತಿಗೆ ಬರುತ್ತವೆ. 'ವುಡ್ ಹ್ಯಾವ್' ಬರುವುದು ಬಿ1, ಬಿ2 ಹೊತ್ತಿಗೆ. ಕೊನೆಯ ಸುತ್ತು ಕಷ್ಟ ಅನಿಸಿದರೆ ಅದನ್ನು ಸದ್ಯಕ್ಕೆ ಬಿಟ್ಟು ಮೊದಲ ಮೂರನ್ನು ಗಟ್ಟಿ ಮಾಡಿಕೊಳ್ಳಿ.

ಒಬ್ಬಳೇ ಕಲಿತವಳು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನನಗೂ ಮಾತಾಡಲು ಯಾರೂ ಇರಲಿಲ್ಲ. ಅಡುಗೆ ಮಾಡುತ್ತಾ ಮಾಡುವ ಕೆಲಸವನ್ನೇ ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳಲು ಶುರು ಮಾಡಿದೆ. ಈರುಳ್ಳಿ ಕೈಗೆತ್ತಿಕೊಂಡರೆ 'ಐ ಆಮ್ ಪೀಲಿಂಗ್ ಆನ್ ಆನಿಯನ್.' ಚಾಕು ಹಿಡಿದರೆ 'ನೌ ಐ ಆಮ್ ಚಾಪಿಂಗ್ ಇಟ್.' ಒಲೆ ಹತ್ತಿರ ಹೋದರೆ 'ಇಫ್ ದ ಪ್ಯಾನ್ ಈಸಂಟ್ ಹಾಟ್ ಎನಫ್, ದ ಆನಿಯನ್ ವೋಂಟ್ ಬ್ರೌನ್.' ಕೈ ಕೆಲಸ ಮಾಡುತ್ತಿರುವಾಗ ಹೇಳಿದ ಮಾತು ಪುಸ್ತಕದಿಂದ ಓದಿದ್ದಕ್ಕಿಂತ ಜಾಸ್ತಿ ನಿಲ್ಲುತ್ತದೆ. ಇದು ನನ್ನ ಗಟ್ಟಿ ಅನುಭವ.

ಹೀಗೆ ಮಾಡುವಾಗ ನನ್ನ ಹತ್ತಿರ ಯಾವ ಪದ ಇಲ್ಲ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಎಲ್ಲದಕ್ಕೂ 'ಕಟ್' ಅನ್ನುತ್ತಿದ್ದ ಕಡೆ ಸಣ್ಣಗೆ ಹೆಚ್ಚುವುದಕ್ಕೆ 'ಚಾಪ್', ತೆಳುವಾಗಿ ಬಿಲ್ಲೆ ಮಾಡುವುದಕ್ಕೆ 'ಸ್ಲೈಸ್', ತುರಿಯುವುದಕ್ಕೆ 'ಗ್ರೇಟ್' ಬೇಕು ಅಂತ ಅರಿವಾಗುತ್ತದೆ. ನೀರು ಕೊತಕೊತ ಕುದಿಯುವುದು 'ಬಾಯಿಲ್'. ಸಣ್ಣ ಉರಿಯಲ್ಲಿ ಮೆಲ್ಲಗೆ ಕುದಿಯಲು ಬಿಡುವುದು 'ಸಿಮರ್'. ಪದ ಗೊತ್ತಿಲ್ಲದಿದ್ದರೆ ಆಗ ಅಡುಗೆ ನಿಲ್ಲಿಸಬೇಡಿ. ಕನ್ನಡದಲ್ಲೇ ಹೇಳಿ ಮುಂದೆ ಹೋಗಿ, ಊಟ ಆದ ಮೇಲೆ ಹುಡುಕಿ ಬರೆದಿಟ್ಟುಕೊಳ್ಳಿ.

ಬರೆದಿಟ್ಟುಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಬಿಡಿ ಪದ ಬರೆಯಬೇಡಿ, ಅಳತೆಯ ಜೊತೆಗೇ ಬರೆಯಿರಿ. 'ಬ್ರೆಡ್' ಅಲ್ಲ, 'ಎ ಸ್ಲೈಸ್ ಆಫ್ ಬ್ರೆಡ್'. 'ಗಾರ್ಲಿಕ್' ಅಲ್ಲ, 'ಎ ಕ್ಲೋವ್ ಆಫ್ ಗಾರ್ಲಿಕ್'. 'ಎ ಪಿಂಚ್ ಆಫ್ ಸಾಲ್ಟ್', 'ಎ ಬಂಚ್ ಆಫ್ ಗ್ರೇಪ್ಸ್', 'ಎ ಬೌಲ್ ಆಫ್ ಸೂಪ್', 'ಎ ಜಾರ್ ಆಫ್ ಹನಿ'. ಹೀಗೆ ಕಲಿತರೆ ಯಾವುದು ಎಣಿಕೆಗೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅನ್ನುವುದೂ ಜೊತೆಗೇ ಬರುತ್ತದೆ. ಬೇರೆ ಪಟ್ಟಿ ಉರು ಹೊಡೆಯಬೇಕಾಗಿಲ್ಲ.

ಮರೆಯದಿರಲು ನಾನು ಲೈಟ್ನರ್ ಪೆಟ್ಟಿಗೆ ಬಳಸುತ್ತೇನೆ. ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಹೇಳಿಕೊಟ್ಟ ಕ್ರಮ ಅದು. ಕಾರ್ಡ್‌ನ ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್. ಸರಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದರೆ ಮೊದಲ ಖಾನೆಗೆ ವಾಪಸ್. ಮೊದಲ ಖಾನೆಯನ್ನು ದಿನಾ ನೋಡಬೇಕು. ಮುಂದಿನ ಖಾನೆಗಳನ್ನು ಅಪರೂಪಕ್ಕೆ ನೋಡಿದರೆ ಸಾಕು. ಕನ್ನಡ ನೋಡಿ ಇಂಗ್ಲಿಷ್ ಹೇಳಬೇಕು. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಸುಲಭ, ಆದರೆ ಮಾತಾಡುವಾಗ ಅದು ಸಹಾಯಕ್ಕೆ ಬರುವುದಿಲ್ಲ. ನಿಮಗೆ ಓದಿದರೆ ಗೊತ್ತಾಗಿ, ಹೇಳುವಾಗ ಬಾರದೇ ಇರುವುದಕ್ಕೆ ಇದೇ ಕಾರಣ ಇರಬಹುದು ಅಂತ ನನಗನಿಸುತ್ತದೆ.

ಇನ್ನೊಬ್ಬರು

ಅಳತೆಯ ಪದಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕನ್ನಡದಲ್ಲಿ 'ಎಷ್ಟು ಹಾಲು', 'ಎಷ್ಟು ಮೊಟ್ಟೆ' ಎರಡಕ್ಕೂ 'ಎಷ್ಟು' ಸಾಕು. ಇಂಗ್ಲಿಷ್‌ನಲ್ಲಿ ಎಣಿಸಲಾಗದ ಹಾಲಿಗೆ 'ಹೌ ಮಚ್', ಎಣಿಸಬಹುದಾದ ಮೊಟ್ಟೆಗೆ 'ಹೌ ಮೆನಿ'. ಮಾತಿನ ಮಧ್ಯೆ ಗೊಂದಲ ಆದರೆ 'ಎ ಲಾಟ್ ಆಫ್' ಹಿಡಿದುಕೊಳ್ಳಿ. ಅದು ಎರಡಕ್ಕೂ ಸಲ್ಲುತ್ತದೆ. ಮಾತು ನಿಲ್ಲುವುದಿಲ್ಲ.

ಆದರೆ 'ಲಿಟಲ್' ಮತ್ತು 'ಎ ಲಿಟಲ್' ವ್ಯತ್ಯಾಸವನ್ನು ಮಾತ್ರ ದಯವಿಟ್ಟು ಕಲಿಯಿರಿ. 'ವಿ ಹ್ಯಾವ್ ಎ ಲಿಟಲ್ ರೈಸ್' ಅಂದರೆ ಸ್ವಲ್ಪ ಇದೆ, ನಡೆಯುತ್ತದೆ. 'ವಿ ಹ್ಯಾವ್ ಲಿಟಲ್ ರೈಸ್' ಅಂದರೆ ಇರುವುದು ಸಾಲದು. 'ಎ ಫ್ಯೂ', 'ಫ್ಯೂ' ಕೂಡ ಹೀಗೆಯೇ. ಒಂದು ಸಣ್ಣ 'ಎ' ಬಿಟ್ಟುಹೋದರೆ ಅರ್ಥವೇ ತಿರುಗುತ್ತದೆ. ನಮ್ಮಲ್ಲಿ ಹೆಚ್ಚಿನವರು ನುಂಗುವುದೂ ಅದನ್ನೇ.

'ಎನಫ್' ಕೂಡ ನೋಡಿಕೊಳ್ಳಿ. ವಸ್ತುವಿನ ಹೆಸರಿಗಿಂತ ಮೊದಲು ಬರುತ್ತದೆ, 'ಎನಫ್ ಸಾಲ್ಟ್'. ಗುಣ ಹೇಳುವ ಪದದ ನಂತರ ಬರುತ್ತದೆ, 'ಸಾಲ್ಟಿ ಎನಫ್'. ಚಿಕನ್ ವಿಷಯದಲ್ಲಿ ಜೋಪಾನ. 'ಐ ಏಟ್ ಸಮ್ ಚಿಕನ್' ಅಂದರೆ ಸ್ವಲ್ಪ ಮಾಂಸ ತಿಂದೆ. 'ಐ ಏಟ್ ಎ ಚಿಕನ್' ಅಂದರೆ ಇಡೀ ಕೋಳಿ.

ಕೇಳುವುದರ ಬಗ್ಗೆ ಒಬ್ಬರು

ಎಲ್ಲರೂ ಮಾತಾಡುವುದರ ಬಗ್ಗೆ ಬರೆದಿದ್ದೀರಿ. ಕಿವಿಯನ್ನೂ ಪಳಗಿಸಬೇಕು. 'ಇಫ್' ವಾಕ್ಯ ಪುಸ್ತಕದಲ್ಲಿ ಒಂದು ಥರ, ಜನರ ಬಾಯಲ್ಲಿ ಇನ್ನೊಂದು ಥರ. ಈ ವಾಕ್ಯ ನೋಡಿ: 'ಇಫ್ ಐಡ್ ನೋನ್ ಯು ವರ್ ಹಂಗ್ರಿ, ಐಡ್ ಹ್ಯಾವ್ ಮೇಡ್ ಮೋರ್ ಸೂಪ್.' ಎರಡು ಕಡೆ 'ಐಡ್' ಇದೆ. ಮೊದಲನೆಯದು 'ಐ ಹ್ಯಾಡ್', ಎರಡನೆಯದು 'ಐ ವುಡ್'. ಹೇಗೆ ಗೊತ್ತಾಗುತ್ತದೆ? ಪಕ್ಕದ ಪದದಿಂದ. 'ನೋನ್', 'ಬೀನ್', 'ಈಟನ್' ಥರದ್ದು ಬಂದರೆ 'ಹ್ಯಾಡ್'. 'ಹ್ಯಾವ್', 'ಮೇಕ್', 'ಲೈಕ್' ಥರ ಮೂಲ ರೂಪ ಬಂದರೆ 'ವುಡ್'. 'ವುಡ್ ಹ್ಯಾವ್' ಕೂಡ ಬಾಯಲ್ಲಿ ಸವೆದು 'ವುಡವ್' ಆಗುತ್ತದೆ. ಇಂಗ್ಲಿಷ್ ಮನೆಮಾತಾದವರಲ್ಲೂ ಕೆಲವರು ಅದನ್ನು 'ವುಡ್ ಆಫ್' ಅಂತ ತಪ್ಪು ಬರೆಯುವುದು ಈ ಸದ್ದಿನಿಂದಲೇ.

ನಾನು ಅಡುಗೆ ವಿಡಿಯೋ ಹಾಕಿಕೊಂಡು ಒಂದೊಂದೇ ವಾಕ್ಯ ನಿಲ್ಲಿಸಿ, ಅದೇ ರಾಗದಲ್ಲಿ ಹಿಂದೆಯೇ ಹೇಳುತ್ತೇನೆ. ಅಡುಗೆ ಹೇಳಿಕೊಡುವವರ ಬಾಯಲ್ಲಿ 'ಇಫ್ ಯು ಡೋಂಟ್ ಹ್ಯಾವ್ ಎನಿ ಕ್ರೀಮ್, ಯು ಕ್ಯಾನ್ ಯೂಸ್ ಮಿಲ್ಕ್', 'ಇಫ್ ಇಟ್ಸ್ ಟೂ ಥಿಕ್, ಆಡ್ ಎ ಲಿಟಲ್ ವಾಟರ್' ಥರದ ಮಾತು ಮತ್ತೆ ಮತ್ತೆ ಬರುತ್ತದೆ. 'ಇಫ್' ವಾಕ್ಯದ ಇನ್ನೊಂದು ಅರ್ಧದಲ್ಲಿ ಯಾವಾಗಲೂ 'ವಿಲ್' ಇರಲೇಬೇಕು ಅಂತ ಇಲ್ಲ ಅನ್ನುವುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. 'ಕ್ಯಾನ್' ಬರಬಹುದು, ಸೀದಾ 'ಆಡ್' ಅಂತ ಹೇಳಿಬಿಡಬಹುದು.

ಹೆಸರುಗಳ ಉಚ್ಚಾರಣೆಯೂ ಅಲ್ಲೇ ಸಿಗುತ್ತದೆ. 'ಸ್ಯಾಮನ್' ಮೀನಿನ ಹೆಸರಲ್ಲಿ ಬರೆಯುವ 'ಎಲ್' ಉಚ್ಚಾರಣೆಯಲ್ಲಿ ಇಲ್ಲ. ಊಟದ ಕೊನೆಯ ಸಿಹಿ 'ಡಿಝರ್ಟ್', ಒತ್ತು ಎರಡನೇ ಭಾಗಕ್ಕೆ. ಒತ್ತು ಮೊದಲಿಗೆ ಹೋದರೆ ಅದು ಮರುಭೂಮಿ. ದೇಶ ನೋಡಿಕೊಂಡು ಹೆಸರೂ ಬದಲಾಗುತ್ತದೆ. ಬದನೆಕಾಯಿ ಬ್ರಿಟನ್ನಿನಲ್ಲಿ 'ಓಬರ್ಜೀನ್', ಅಮೆರಿಕದಲ್ಲಿ 'ಎಗ್‌ಪ್ಲಾಂಟ್'. ಬ್ರಿಟನ್ನಿನಲ್ಲಿ 'ಚಿಪ್ಸ್' ಅಂದರೆ ಬಿಸಿಯಾಗಿ ಕರಿದ ಆಲೂಗಡ್ಡೆ ತುಂಡು. ಅಮೆರಿಕದಲ್ಲಿ ಅದೇ ಪದಕ್ಕೆ ಪೊಟ್ಟಣದ ಗರಿಗರಿ ಬಿಲ್ಲೆ ಸಿಗುತ್ತದೆ. ಮಾತಾಡಬೇಕಾದವರು ಎಲ್ಲಿಯವರು ಅಂತ ನೋಡಿ ಒಂದನ್ನು ಹಿಡಿಯಿರಿ. ಇನ್ನೊಂದು ಕೇಳಿದರೆ ಗುರುತು ಸಿಕ್ಕರೆ ಸಾಕು.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ರಿಜ್ ಅಭ್ಯಾಸ ಇವತ್ತೇ ಶುರು ಮಾಡುತ್ತೇನೆ. ಒಂದು ಅನುಮಾನ. ನಾನೇ ಮಾತಾಡಿ ನಾನೇ ಕೇಳಿದರೆ ತಪ್ಪು ತಿದ್ದುವವರು ಯಾರು?

ಇಂಗ್ಲಿಷ್ ಹೇಳಿಕೊಡುವವರ ಉತ್ತರ

ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿ. ಎಲ್ಲ ತಪ್ಪನ್ನೂ ಒಟ್ಟಿಗೆ ಹುಡುಕಬೇಡಿ. ಒಂದು ದಿನ 'ಇಫ್' ಅರ್ಧದಲ್ಲಿ 'ವಿಲ್' ನುಸುಳಿದೆಯಾ ಅಂತ ಮಾತ್ರ ನೋಡಿ. ಇನ್ನೊಂದು ದಿನ 'ಮಚ್', 'ಮೆನಿ' ಮಾತ್ರ. ಹೀಗೆ ಒಂದೇ ವಿಷಯ ಹುಡುಕಿದರೆ ನಿಮ್ಮ ಕಿವಿಯೇ ಹಿಡಿಯುತ್ತದೆ. ನೀವು ಬಿಟ್ಟ ಸ್ಥಳ ಸರಿಯಾಗಿ ತುಂಬುತ್ತೀರಲ್ಲ, ಆ ತಿಳಿವಳಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಪದ ಎಣಿಕೆಗೆ ಸಿಗುತ್ತದಾ ಇಲ್ಲವಾ ಅನ್ನುವ ಅನುಮಾನಕ್ಕೆ ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟು ತೆಗೆಯಿರಿ. ಅಂಥವುಗಳಲ್ಲಿ ಹೆಚ್ಚಿನವು ಹೆಸರಿನ ಪಕ್ಕ 'ಸಿ' ಅಥವಾ 'ಯು' ಅಂತ ಗುರುತು ಹಾಕಿರುತ್ತವೆ. 'ಸಿ' ಇದ್ದರೆ ಎಣಿಸಬಹುದು, 'ಯು' ಇದ್ದರೆ ಇಲ್ಲ. ಎರಡೂ ಇದ್ದರೆ ಕೊಟ್ಟಿರುವ ಉದಾಹರಣೆ ಓದಿ, ಅಲ್ಲಿ ಅರ್ಥ ಬದಲಾಗಿರಬಹುದು.

ಯಾರಾದರೂ ಮಾತಿಗೆ ಸಿಕ್ಕರೆ ತಿನ್ನುವ ವಿಷಯದಲ್ಲೇ ಸಲಹೆ ಕೊಡುವುದು, ಕೇಳುವುದು ಮಾಡಿ. 'ಇಫ್ ಐ ವರ್ ಯು, ಐ ವುಡ್ ಆಡ್ ಎ ಪಿಂಚ್ ಆಫ್ ಸಾಲ್ಟ್.' ಇಲ್ಲಿ 'ವಾಸ್' ಬದಲು 'ವರ್' ಹೇಳುವುದೇ ರೂಢಿ. ಏನಾದರೂ ಬೇಕು ಅಂತ ಕೇಳುವಾಗ, ಇನ್ನೊಬ್ಬರಿಗೆ ಬೇಕಾ ಅಂತ ಕೇಳುವಾಗ ಪ್ರಶ್ನೆಯಾದರೂ 'ಎನಿ' ಬದಲು 'ಸಮ್' ಬರುತ್ತದೆ. 'ಕುಡ್ ಐ ಹ್ಯಾವ್ ಸಮ್ ವಾಟರ್?' 'ವುಡ್ ಯು ಲೈಕ್ ಸಮ್ ಟೀ?' ಮೊದಲ ವಾರ ರೆಕಾರ್ಡ್ ಮಾಡಿದ ನಾಲ್ಕಾರು ವಾಕ್ಯಗಳನ್ನು ಇಲ್ಲಿ ಬರೆದು ಹಾಕಿ, ನಾನು ನೋಡಿ ಹೇಳುತ್ತೇನೆ.