ಸಹಾಯ ಬೇಕು: ಲಂಟಾನ ಬುಟ್ಟಿ, ಕುರ್ಚಿಗಳನ್ನು ಮಾರುವ ದಾರಿ

ಎಲ್ಲರಿಗೂ ನಮಸ್ಕಾರ. ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನ ಪೋಡೊಂದರ (ಹಾಡಿಯೊಂದರ) ಎಂಟು ಹೆಣ್ಣುಮಕ್ಕಳ ಪರವಾಗಿ ಕೇಳುತ್ತಿದ್ದೇನೆ. ನೆಲ್ಲಿ, ಸೀಗೆ, ಜೇನು ಸಿಗುವುದು ಆಯಾ ಕಾಲಕ್ಕೆ ಮಾತ್ರ. ಉಳಿದ ದಿನ ಕೂಲಿ, ಇಲ್ಲವೇ ಲಂಟಾನ ಕೆಲಸ.

ಲಂಟಾನ ಕಾಡನ್ನೇ ನುಂಗುತ್ತಿರುವ ಹೊರಗಿನ ಕಳೆ. ಇವರು ಅದನ್ನು ಕಡಿದು, ಹಂಡೆಯಲ್ಲಿ ಬೇಯಿಸಿ, ತೊಗಟೆ ಸುಲಿದು, ಬಿಸಿ ಆರುವ ಮೊದಲೇ ಬಾಗಿಸಿ ಬುಟ್ಟಿ, ಕುರ್ಚಿ ಮಾಡುತ್ತಾರೆ. ಬೆತ್ತದ ಹಾಗೇ ಕಾಣುತ್ತದೆ, ಬೆಲೆ ಕಡಿಮೆ. ಕೈ ಬೊಬ್ಬೆ ಬರುವ ಕೆಲಸ, ನೋಡಿದರೆ ಸಂಕಟವಾಗುತ್ತದೆ.

ಹೋದ ತಿಂಗಳು ಒಬ್ಬ ವ್ಯಾಪಾರಿ ಹನ್ನೆರಡು ಬುಟ್ಟಿ ಒಯ್ದವರು ಇನ್ನೂ ದುಡ್ಡು ಕೊಟ್ಟಿಲ್ಲ. ಹಾಗಾಗಿ ಮಧ್ಯವರ್ತಿ ಬೇಡ ಅನ್ನುತ್ತಿದ್ದಾರೆ.

ಮೈಸೂರು, ಬೆಂಗಳೂರಿನಲ್ಲಿ ಮಾಲು ಕೈಸೇರಿದ ಕೂಡಲೇ ಹಣ ಕೊಡುವ ಅಂಗಡಿ ಗೊತ್ತೇ? ಕುರ್ಚಿಗಳನ್ನು ಮುರಿಯದಂತೆ ಕಳಿಸುವುದು ಹೇಗೆ? ಕೂಲಿ ಸೇರಿಸಿ ಬೆಲೆ ಕಟ್ಟುವುದನ್ನು ಯಾರಾದರೂ ಬಂದು ಹೇಳಿಕೊಟ್ಟರೆ ದೊಡ್ಡ ಉಪಕಾರ. ಊಟ, ಉಳಿಯುವ ವ್ಯವಸ್ಥೆ ನಾವೇ ನೋಡಿಕೊಳ್ಳುತ್ತೇವೆ. ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ.