ಜೈಸಲ್ಮೇರದ ಗಿಡ, ಗದಗಿನ ವಾದ

ಈರಣ್ಣ ಜೈಸಲ್ಮೇರಿಗೆ ಹೋದವನು ಕೋಟೆ ಫೋಟೋ ಕಳಿಸಲಿಲ್ಲ, ಒಂಟೆ ಫೋಟೋನೂ ಇಲ್ಲ. ಮರಳಲ್ಲಿ ನಿಂತ ಒಂದು ಗಿಡ ಕಳಿಸಿ, "ಇದು ಯಾವುದು ಹೇಳ್ರಪಾ" ಎಂದ. ಗದಗ ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ ತಿನ್ನುತ್ತಿದ್ದ ನಮಗೆ ಅಷ್ಟೇ ಸಾಕಾಯಿತು.

"ಎಕ್ಕಿ ಗಿಡ. ಇದನ್ನು ನೋಡೋಕೆ ರಾಜಸ್ಥಾನಕ್ಕೆ ಹೋಗಬೇಕಿತ್ತಾ? ನಮ್ಮ ಹಿತ್ತಲಲ್ಲೇ ಇದೆಯಲ್ಲ!" ಎಂದ ಬಸು.

"ನಿನ್ನ ಹಿತ್ತಲದ್ದು ಬೇರೆ" ಎಂದರು ಮಾಸ್ತರು. ಅವರು ರಿಟೈರಾಗಿದ್ದಾರೆ, ಅವರ ಪಾಠ ಇನ್ನೂ ಆಗಿಲ್ಲ. "ನಮ್ಮ ಎಕ್ಕಿ ಹೂವಿನ ಎಸಳು ಹರಡಿಕೊಂಡು ಹಿಂದಕ್ಕೆ ಬಾಗುತ್ತವೆ. ಇಲ್ಲಿ ನೋಡು, ನೆಟ್ಟಗೆ ನಿಂತಿವೆ. ತುದಿ ನೇರಳೆ. ಇದು ಕ್ಯಾಲೊಟ್ರೋಪಿಸ್ ಪ್ರೊಸೆರಾ, ಥಾರ್ ಕಡೆಯ ಆಕ್. ನಮ್ಮದು ಜೈಜಾಂಟಿಯಾ."

"ಎರಡರದ್ದೂ ಹಾಲು ವಿಷ ಅಲ್ವಾ ಸರ? ಯಾರಿಗೆ ಬೇಕು ಅದು?" ರಫೀಕ್ ಕೇಳಿದ.

"ಚಿಟ್ಟೆಗೆ! ಪ್ಲೇನ್ ಟೈಗರ್ ಅಂತ, ಕಿತ್ತಳೆ ಬಣ್ಣ, ರೆಕ್ಕೆ ಅಂಚು ಕಪ್ಪು. ಅದು ಇದರ ಎಲೆ ಮೇಲೆ ಮೊಟ್ಟೆ ಇಡುತ್ತೆ. ಹುಳ ಎಲೆ ತಿಂದು ಆ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತೆ. ಮುಂದೆ ಚಿಟ್ಟೆಯಾದಾಗ ಹಕ್ಕಿ ಕಚ್ಚಿದರೆ ಉಗುಳಬೇಕು, ಹಾಗಿರುತ್ತೆ ರುಚಿ. ಆಮೇಲೆ ಆ ಬಣ್ಣದ ತಂಟೆಗೇ ಬರಲ್ಲ. ಮಜಾ ಇರೋದು ಮುಂದೆ. ಡನೈಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ. ಅದರ ಗಂಡು ಕಪ್ಪು, ಮೈಮೇಲೆ ದೊಡ್ಡ ಬಿಳಿ ಚುಕ್ಕೆ. ಹೆಣ್ಣು ಮಾತ್ರ ಥೇಟ್ ಪ್ಲೇನ್ ಟೈಗರ್! ವಿಷ ಗಿಷ ಏನಿಲ್ಲ, ಬರೀ ವೇಷ."

"ಬೈಕಿಗೆ ಪೊಲೀಸ್ ಅಂತ ಸ್ಟಿಕರ್ ಹಚ್ಚಿಕೊಂಡು ತಿರುಗಿದ ಹಾಗೆ" ಎಂದ ಬಸು.

ರಫೀಕ್ ಮೆಲ್ಲಗೆ ಸರಿದು ತನ್ನ ಬೈಕಿಗೆ ಅಡ್ಡ ನಿಂತ.

ಮಾಸ್ತರು ಆಗಲೇ ಮಿಡತೆಗೆ ಹೋಗಿದ್ದರು. ಎಕ್ಕಿ ಎಲೆ ಮೇಯುವ ಹಳದಿ-ನೀಲಿ ಪಟ್ಟೆಯ ಬಣ್ಣದ ಮಿಡತೆ. ಅದರ ಮರಿಯನ್ನು ಹಿಡಿದರೆ ಪಿಚಕ್ಕನೆ ರಸ ಹಾರಿಸುತ್ತದಂತೆ. ಪರಾಗದ ಕೆಲಸ ದೊಡ್ಡ ಕರಿ ದುಂಬಿಯದು. ಇದರ ಪರಾಗ ಪುಡಿಯಲ್ಲ, ಗಂಟು. ದುಂಬಿಯ ಕಾಲಿಗೆ ಸಿಕ್ಕಿ ಇನ್ನೊಂದು ಹೂವಿಗೆ ಹೋಗುತ್ತದೆ. ನನಗಂತೂ ಸುಮ್ನೆ ಕೂತು ತಿನ್ನುವ ಆ ಹುಳವೇ ಜಾಸ್ತಿ ಜಾಣ ಅನಿಸಿತು.

ಬಸು ಮಾತ್ರ ಯೋಚನೆಗೆ ಬಿದ್ದ. "ಸರ, ರಥಸಪ್ತಮಿಗೆ ಎಕ್ಕಿ ಎಲೆ ತಲೆ ಮೇಲೆ ಇಟ್ಟು ಸ್ನಾನ ಮಾಡ್ತೀವಲ್ಲ, ಹುಳ ತಿಂದ ಎಲೆ ನಡೆಯುತ್ತಾ?"

"ಎಲೆ ನಡೆಯುತ್ತೆ ತಮ್ಮಾ," ಎಂದರು ಮಾಸ್ತರು, "ಮೊದಲು ಹುಳ ಇಳಿಸು."