9ನೇ ಕ್ಲಾಸ್ ಮಗಳ ಸಿಂಗಪುರ ಸ್ಕೂಲ್ ಟ್ರಿಪ್: ಪಾಸ್‌ಪೋರ್ಟ್‌ನಿಂದ ಲಗೇಜ್‌ವರೆಗೆ ಏನೇನು ನೋಡ್ಕೋಬೇಕು?

ದಾವಣಗೆರೆ ಅಮ್ಮ:
ಮಗಳಿಗೆ 14 ವರ್ಷ. ಡಿಸೆಂಬರ್ ಕೊನೆಯಲ್ಲಿ ಶಾಲೆಯಿಂದ ಸಿಂಗಪುರಕ್ಕೆ 5 ದಿನದ ಪ್ರವಾಸ. ಬೆಂಗಳೂರಿಂದ ನೇರ ವಿಮಾನ, ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಇಳಿಯುತ್ತೆ. ಇಳಿದ ದಿನವೇ ಯೂನಿವರ್ಸಲ್ ಸ್ಟುಡಿಯೋಸ್ (ರೈಡ್‌ಗಳ ಥೀಮ್ ಪಾರ್ಕ್) ಅಂತ ಹಾಕಿದ್ದಾರೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ, ಆಧಾರ್‌ನಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇದೆ. ಶಾಲೆ ಕೊಟ್ಟ ಪಟ್ಟಿಯಲ್ಲಿ ಶೂ, ಟೋಪಿ ಬಿಟ್ಟರೆ ಹೆಚ್ಚೇನಿಲ್ಲ. ನಾವು ಸಸ್ಯಾಹಾರಿಗಳು. ಗೊತ್ತಿರೋರು ದಯವಿಟ್ಟು ತಿಳಿಸಿ.

ಕಾಗದಪತ್ರ:
ಮೊದಲು ಹೆಸರು, ಆಮೇಲೆ ಉಳಿದದ್ದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಹಾಗಾಗಿ ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿ, ಇಲ್ಲದಿದ್ದರೆ ಆಧಾರ್ ಮೊದಲು ಸರಿಮಾಡಿಸಿ. ಸರ್‌ನೇಮ್ ಕಾಲಂ ಖಾಲಿ ಬಿಡುವುದು ನಮ್ಮ ಕಡೆ ತುಂಬಾ ಸಾಮಾನ್ಯ, ತೊಂದರೆ ಶುರುವಾಗುವುದೂ ಅಲ್ಲೇ. ಟಿಕೆಟ್ ಬುಕಿಂಗ್‌ನಲ್ಲಿ ಆ ಕಾಲಂ ಖಾಲಿ ಬಿಡಲು ಆಗಲ್ಲ. ಕೆಲವು ಏರ್‌ಲೈನ್ ಹೆಸರನ್ನೇ ಎರಡು ಸಲ ಹಾಕುತ್ತವೆ, ಕೆಲವು ಬೇರೆ ಸಂಕೇತ ಬಳಸುತ್ತವೆ. ತಂದೆ ಹೆಸರೋ ಮನೆತನದ ಹೆಸರೋ, ದಾಖಲೆಯಲ್ಲಿ ಇರುವುದನ್ನು ಸರ್‌ನೇಮ್ ಕಾಲಂಗೆ ಹಾಕಿಬಿಡಿ. ಶಾಲೆಗೆ ಹೆಸರು ಟೈಪ್ ಮಾಡಿ ಕಳಿಸಬೇಡಿ, ಪಾಸ್‌ಪೋರ್ಟ್ ಪುಟದ ಸ್ಕ್ಯಾನ್ ಕಳಿಸಿ. ಗುಂಪು ಬುಕಿಂಗ್‌ನಲ್ಲಿ ಕಾಗುಣಿತದ ತಪ್ಪು ನುಸುಳುವುದು ಎಕ್ಸೆಲ್ ಪಟ್ಟಿಯಿಂದಲೇ.

ಅಪ್ರಾಪ್ತರ 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1000 ರೂ. 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಗೆ ಅವಧಿ ಮುಗಿಯುತ್ತೆ. ಅಪ್ಪ-ಅಮ್ಮ ಇಬ್ಬರೂ ಸಹಿ ಮಾಡಿದ ಅನೆಕ್ಸರ್ ಡಿ (ಪೋಷಕರ ಘೋಷಣಾ ಪತ್ರ) ಬೇಕು. ಒಬ್ಬರ ಸಹಿ ಸಿಗದ ಪರಿಸ್ಥಿತಿ ಇದ್ದರೆ ಅನೆಕ್ಸರ್ ಸಿ. ನಿಮ್ಮ ಪಾಸ್‌ಪೋರ್ಟ್ ಇದ್ದರೆ ಮೂಲ ಪ್ರತಿಯನ್ನೂ ಒಯ್ಯಿರಿ. ಊರ ಹತ್ತಿರದ ಕೇಂದ್ರದಲ್ಲಿ ಸ್ಲಾಟ್ ಇಲ್ಲದಿದ್ದರೆ ಹುಬ್ಬಳ್ಳಿ, ಬೆಂಗಳೂರು ನೋಡಿ.

ಸಿಂಗಪುರ ವೀಸಾಗೆ ಫಾರ್ಮ್ 14ಎ, 35×45 ಮಿ.ಮೀ. ಬಿಳಿ ಹಿನ್ನೆಲೆಯ ಫೋಟೊ (3 ತಿಂಗಳೊಳಗೆ ತೆಗೆದದ್ದು), ಕನಿಷ್ಠ 6 ತಿಂಗಳು ಅವಧಿ ಉಳಿದ ಪಾಸ್‌ಪೋರ್ಟ್. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ವೀಸಾ ಸಿಗದಿದ್ದರೂ ವಾಪಸ್ ಬರಲ್ಲ. ಅದರ ಮೇಲಿನದ್ದು ಏಜೆಂಟ್ ಚಾರ್ಜ್.

ಇನ್ನೊಬ್ಬ ಪೋಷಕ:
ಮೇಲಿನದಕ್ಕೆ ಒಂದು ಸೇರ್ಪಡೆ. ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಲ್ಲಿ ಪ್ರವಾಸಿ ವೀಸಾ ವಿಷಯದಲ್ಲಿ ನಿರ್ಬಂಧ ತಂದಿತು. ಮುಂದಿನ ವರ್ಷ ಶಾಲೆ ದುಬೈ ಅಂದರೆ ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಸರ್‌ನೇಮ್ ಬಿಡಬೇಡಿ ಅನ್ನೋಕೆ ಇದೂ ಒಂದು ಕಾರಣ.

ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಪುರ ಪ್ರವೇಶಕ್ಕೆ ಮೊದಲು ತುಂಬುವ ಫಾರ್ಮ್) ಮರೆಯಬೇಡಿ. ಇಳಿಯುವ ದಿನವೂ ಸೇರಿ 3 ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಪೂರ್ತಿ ಉಚಿತ. ಗೂಗಲ್‌ನಲ್ಲಿ ಹುಡುಕಿದರೆ ದುಡ್ಡು ಕೇಳುವ ನಕಲಿ ತಾಣಗಳೂ ಬರುತ್ತವೆ. ಐಸಿಎ (ಸಿಂಗಪುರದ ವಲಸೆ ಇಲಾಖೆ) ತಾಣದಲ್ಲೇ ತುಂಬಿ, ಬೇರೆ ಕಡೆ ಬ್ಯಾಂಕ್ ಕಾರ್ಡ್ ನಂಬರ್ ಕೊಡಬೇಡಿ.

ಟೂರ್ ಲೆಕ್ಕ:
ಮೊದಲ ದಿನವೇ ಯೂನಿವರ್ಸಲ್ ಅನ್ನುವುದು ಕೆಟ್ಟ ಯೋಜನೆ. ಹಾರಾಟ ನಾಲ್ಕೂವರೆ ಗಂಟೆ, ಗಡಿಯಾರ ಎರಡೂವರೆ ಗಂಟೆ ಮುಂದೆ. ಅಲ್ಲಿಯ 6 ಅಂದರೆ ಮಕ್ಕಳ ಮೈಗೆ ಬೆಳಗಿನ ಜಾವ ಮೂರೂವರೆ. ಊಟ ಕೊಟ್ಟು ದೀಪ ಆರಿಸುವ ಹೊತ್ತಿಗೆ ಉಳಿಯುವ ನಿದ್ದೆ ಎರಡೂವರೆ, ಮೂರು ಗಂಟೆ. ಹೋಟೆಲ್ ರೂಮು ಸಾಮಾನ್ಯವಾಗಿ ಮಧ್ಯಾಹ್ನ 2-3ಕ್ಕೆ ಮೊದಲು ಸಿಗಲ್ಲ. ನಿದ್ದೆಗೆಟ್ಟ ಮಕ್ಕಳು ರೋಲರ್ ಕೋಸ್ಟರ್ ಹತ್ತಿದರೆ ವಾಂತಿ ಗ್ಯಾರಂಟಿ.

ಆ ದಿನ ಎಸಿ ಇರುವ, ನಡಿಗೆ ಕಡಿಮೆ ಇರುವ ಜಾಗ ಇರಲಿ: ಸೈನ್ಸ್ ಸೆಂಟರ್, ಅಥವಾ ನಗರದ ದೊಡ್ಡ ಮಾದರಿ ಇರುವ ಸಿಟಿ ಗ್ಯಾಲರಿ (ಪ್ರವೇಶ ಉಚಿತ). ಸಂಜೆ ಗಾರ್ಡನ್ಸ್ ಬೈ ದ ಬೇ. ಅಲ್ಲಿನ ಸೂಪರ್‌ಟ್ರೀಗಳ (ಮರದ ಆಕಾರದ ಎತ್ತರದ ಕಟ್ಟಡಗಳು) ಬೆಳಕಿನ ಪ್ರದರ್ಶನ 7:45 ಮತ್ತು 8:45ಕ್ಕೆ, ಮೊದಲನೆಯದೇ ನೋಡಿ ಮಲಗಲು ಹೋಗಲಿ. ಯೂನಿವರ್ಸಲ್ ಎರಡನೇ ದಿನ, ಅದೂ ಬೆಳಿಗ್ಗೆ. ಡಿಸೆಂಬರ್ ಅಲ್ಲಿ ಜೋರು ಮಳೆ ಕಾಲ, ಹತ್ತಿರದಲ್ಲಿ ಸಿಡಿಲಿದ್ದರೆ ಹೊರಗಿನ ರೈಡ್ ನಿಲ್ಲಿಸುತ್ತಾರೆ. ಆದ್ದರಿಂದ ಬಯಲಿನ ರೈಡ್ ಮೊದಲು, ಒಳಾಂಗಣದವು ಆಮೇಲೆ. ಛತ್ರಿಗಿಂತ ರೇನ್‌ಕೋಟ್ ವಾಸಿ.

ಚಾಂಗಿ ವಿಮಾನ ನಿಲ್ದಾಣದ ಜ್ಯೂವೆಲ್ ಮಾಲ್‌ನ 40 ಮೀಟರ್ ಜಲಪಾತ ಇರುವುದು ಇಮಿಗ್ರೇಷನ್‌ನ ಹೊರಗೆ. ವಾಪಸ್ ಬರುವ ದಿನ ಲಗೇಜ್ ಕೊಟ್ಟಾದ ಮೇಲೆ, ಪಾಸ್‌ಪೋರ್ಟ್ ತೋರಿಸಿ ಒಳಹೋಗುವ ಮೊದಲು ನೋಡಬೇಕು. ದಾಟಿದರೆ ಮುಗಿಯಿತು.

ಚೀಲ ಕಟ್ಟೋರು:
ಒಣಕೊಬ್ಬರಿ ಗಿಟಕು ಯಾವ ಬ್ಯಾಗಿಗೂ ಬೇಡ, ಎಣ್ಣೆ ಅಂಶದಿಂದ ಬೆಂಕಿ ಹತ್ತುವ ವಸ್ತು ಅಂತ ತೆಗೆಸುತ್ತಾರೆ. ಗಸಗಸೆ, ಚೂಯಿಂಗ್ ಗಮ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಸಿಂಗಪುರದಲ್ಲಿ ತೊಂದರೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ದಾವಣಗೆರೆಯವರಾದರೆ ಖಾರ ಮಂಡಕ್ಕಿ ಹಾಕಿಕೊಡಿ, ತೂಕವೇ ಇಲ್ಲ.

ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. 20000 ಎಂಎಎಚ್‌ನದ್ದು 74 ಆಗುತ್ತೆ, ನಡೆಯುತ್ತೆ. ಮೇಲೆ ಬರೆದ ಅಕ್ಷರ ಅಳಿಸಿದ್ದರೆ ಕಿತ್ತುಕೊಳ್ಳಬಹುದು. ಪ್ಲಗ್ ಅಲ್ಲಿ ಚಪ್ಪಟೆ ಮೂರು ಪಿನ್ನಿನದು, ಅಡಾಪ್ಟರ್ ಬೇಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ: ಚಾಂಗಿಯ 1, 2, 3ನೇ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ಗೇಟ್ ಹತ್ತಿರ. ಒಳಗೆ ತುಂಬಿಸಿಕೊಂಡ ನೀರಿನ ಬಾಟಲಿಯನ್ನೂ ಅಲ್ಲಿ ಚೆಲ್ಲಿಸುತ್ತಾರೆ.

ವಿಮಾನದ ಊಟಕ್ಕೆ ಏಜೆಂಟ್ ಹತ್ತಿರ ‘ಎವಿಎಂಎಲ್’ ಅಂತಲೇ ಹಾಕಿಸಿ, ಅದು ನಮ್ಮ ಥರದ ಸಸ್ಯಾಹಾರ. ‘ವಿಜಿಎಂಎಲ್’ ಹಾಕಿದರೆ ಹಾಲು-ಮೊಸರೂ ಇಲ್ಲದ ಸಪ್ಪೆ ಊಟ ಬರುತ್ತೆ. ಸಿಂಗಪುರದಲ್ಲಿ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ಇಡ್ಲಿ-ದೋಸೆಗೆ ಬರವಿಲ್ಲ.

ದಾವಣಗೆರೆ ಅಮ್ಮ:
ತುಂಬಾ ಉಪಕಾರ ಆಯ್ತು. ದಿನದ ಪಟ್ಟಿ ಬದಲಿಸಲು ಶಾಲೆಗೆ ಇವತ್ತೇ ಬರೀತೀನಿ. ದುಡ್ಡು ಶಾಲೆ ಖಾತೆಗೇ ಕಟ್ಟಿ ಅಂತಿದ್ದಾರೆ, ಪರವಾಗಿಲ್ವಾ? ಅಲ್ಲಿ ಕೊಂಡ ಸಾಮಾನಿಗೆ ಜಿಎಸ್‌ಟಿ ವಾಪಸ್ ಸಿಗುತ್ತೆ ಅಂತಾರಲ್ಲ?

ಟೂರ್ ಲೆಕ್ಕ:
ಟಿಸಿಎಸ್ (ವಿದೇಶ ಪ್ರವಾಸದ ಹಣದ ಮೇಲೆ ಟೂರ್ ಕಂಪನಿ ವಸೂಲಿ ಮಾಡುವ ತೆರಿಗೆ) ಯಾರ ಪ್ಯಾನ್‌ಗೆ ಬೀಳುತ್ತೆ ಅಂತ ಕೇಳಿ. ಶಾಲೆಯ ಪ್ಯಾನ್ ಕೊಟ್ಟಿದ್ದರೆ ಆ ಹಣ ನಿಮ್ಮ ಆದಾಯ ತೆರಿಗೆ ದಾಖಲೆಯಲ್ಲಿ ಕಾಣಲ್ಲ, ರಿಟರ್ನ್‌ನಲ್ಲಿ ಕೇಳೋಕೂ ಆಗಲ್ಲ. ನಿಮ್ಮ ಪ್ಯಾನ್ ಹಾಕಿ ಪ್ರತ್ಯೇಕ ಬಿಲ್ ಕೊಡಲು ಹೇಳಿ. ಇನ್ನು ಜಿಎಸ್‌ಟಿ: 16 ತುಂಬಿದವರಿಗೆ ಮಾತ್ರ, ಅದೂ ಕನಿಷ್ಠ 100 ಸಿಂಗಪುರ ಡಾಲರ್ ಖರೀದಿಗೆ. 14ರ ಮಗಳಿಗೆ ಸಿಗಲ್ಲ.